ಚಳ್ಳಕೆರೆಯ ಕಾವಲಿನಲ್ಲಿ

ಚಿತ್ರದುರ್ಗದಿಂದ ಚಳ್ಳಕೆರೆಯ ಕಡೆಗೆ ಹೊರಟವರಿಗೆ ಆ ಸೀಮೆ ಮೊದಲ ನೋಟಕ್ಕೆ ಬರಡೆಂದೇ ತೋರುವುದು. ಮರಗಳು ವಿರಳ, ಕಣ್ಣು ಹಾಯುವಷ್ಟು ದೂರ ಒಣಹುಲ್ಲು. ಆದರೆ ಇದು ಪಾಳುಭೂಮಿಯಲ್ಲ, ಅಮೃತಮಹಲ್ ಕಾವಲು. ಮೈಸೂರು ಅರಸರ 'ಬೆಣ್ಣೆ ಚಾವಡಿ'ಗೆ ಈ ಹೆಸರಿಟ್ಟವನು ಟಿಪ್ಪು ಸುಲ್ತಾನ. ಸೈನ್ಯದ ಫಿರಂಗಿಗಳನ್ನೆಳೆದ ಎತ್ತುಗಳ ತಳಿ ಇಂಥ ಹುಲ್ಲುಗಾವಲುಗಳಲ್ಲೇ ಬೆಳೆಯಿತು. ಸುತ್ತಣ ಹಳ್ಳಿಗಳ ಕುರಿಗಳೂ ಇಲ್ಲಿಯೇ ಮೇದವು.

ಕುರುಬರಿಗೆ ಕುರಿಯೆಂದರೆ ಬರಿಯ ಮಾಂಸವಲ್ಲ. ಕತ್ತರಿಸಿದ ಕರಿಯ ಉಣ್ಣೆಯನ್ನು ಹೆಂಗಸರು ನೂಲುವರು. ನೂಲಿಗೆ ಹುಣಿಸೆಬೀಜದ ಗಂಜಿ ಹಚ್ಚಿ ಗಂಡಸರು ಗುಂಡಿಮಗ್ಗದಲ್ಲಿ ಕಂಬಳಿ ನೇಯುವರು. ಚಳಿಗೂ ಮಳೆಗೂ ಅದೇ ಆಸರೆ. ಪೇಟೆಯವರು ಮೊದಲ ದಿನ ಹೊದ್ದರೆ ಮೈಯೆಲ್ಲ ಚುಚ್ಚುವುದೆಂಬುದೂ ನಿಜವೇ!

ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಮಂದೆ ತರುಬಿದರೆ ಹಿಕ್ಕೆಯೇ ಗೊಬ್ಬರ. ಅದಕ್ಕೆ ರೈತನು ಹಿಂದೆ ಕಾಳು ಅಳೆದುಕೊಡುತ್ತಿದ್ದನು. ಈಗ ಹೆಚ್ಚಾಗಿ ಹಣ ಕೊಡುವನು. ಯಾವ ಊರಿನ ಹೊಲ ತೆರವಾಯಿತೆಂಬ ಸುದ್ದಿ ಮೊಬೈಲಿನಲ್ಲಿ ಬರುವುದು. ಇವಕ್ಕೆಲ್ಲ ಕುರಿಗಾಹಿ ಹೇಗೋ ಒಗ್ಗಿಕೊಂಡನು.

ಒಗ್ಗಿಕೊಳ್ಳಲಾಗದ್ದು ಬೇರೊಂದು. 2010ರ ಸುಮಾರಿಗೆ ಈ ಕಾವಲಿನ ಸಾವಿರಾರು ಎಕರೆ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುವಿಜ್ಞಾನಗಳ ಸಂಸ್ಥೆಗಳಿಗೂ ಭಾರತೀಯ ವಿಜ್ಞಾನ ಸಂಸ್ಥೆಗೂ ಹಂಚಿಕೆಯಾಯಿತು. ದೇಶಕ್ಕೆ ವಿಜ್ಞಾನ ಬೇಡವೆಂದು ಇಲ್ಲಿ ಯಾರೂ ಹೇಳಲಾರರು; ಆದರೆ ಹುಲ್ಲಿಗೆ ಬದಲಿಯಾಗಿ ಕುರಿಗೆ ಏನು ಹಾಕುವುದು? ಆ ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಹಿಂದೆ ಮಂದೆ ನೇರವಾಗಿ ನುಗ್ಗುತ್ತಿದ್ದ ಕಡೆ ಈಗ ಗೋಡೆಯಿದೆ. ಕುರಿಗಾಹಿ ಅದರ ಅಂಚಿಗೇ ಮಂದೆಯನ್ನು ಹೊಡೆದುಕೊಂಡು, ಹೆಗಲಿಗೆ ಕಂಬಳಿ, ಜೇಬಿನಲ್ಲಿ ಮೊಬೈಲು, ಸುತ್ತುಹಾದಿ ಹಿಡಿದು ಹೋಗುವನು.