ಅಫಜಲಪುರದ ಮ್ಯಾಲಿಂದ

ಆಳಂದದಿಂದ ಜೇವರ್ಗಿಗೆ ಹೋಗುವವರು ಯಾರೂ ಅಫಜಲಪುರದ ಕಡೆ ಮುಖ ಮಾಡುವುದಿಲ್ಲ. ನೆಟ್ಟಗೆ ಕಲಬುರಗಿಗೆ ಹೋಗಿ, ಕಟ್ಟಿಸಂಗಾವಿಯ ಹತ್ತಿರ ಭೀಮಾ ದಾಟಿದರೆ ಹೆಚ್ಚುಕಡಿಮೆ 80 ಕಿಲೋಮೀಟರಿಗೆ ಜೇವರ್ಗಿ. ಕ್ರೂಸರ್ ಗಾಡಿಯ ಡ್ರೈವರ್ ಇದನ್ನು ಅವ್ವನಿಗೆ ಮೂರು ಸಲ ಹೇಳಿದ. ಮೂರು ಸಲವೂ ಅವ್ವ, "ಹೌದಪಾ, ಖರೆ ಅದ. ನೀ ಅಫಜಲಪುರದ ಮ್ಯಾಲಿಂದ ನಡಿ" ಅಂದಳು.

ಹೊರಟಿದ್ದು ಜೇವರ್ಗಿ ಕಾಕಾನ ಮೊಮ್ಮಗಳ ಲಗ್ನಕ್ಕೆ. ಕಾಕಾ ಅಂದರೆ ಅಪ್ಪನ ತಮ್ಮ ಅಲ್ಲ. ಜಾತಿ ಬೇರೆ, ಊರು ಬೇರೆ, ಯಾವ ಎಳೆ ಹಿಡಿದು ಎಳೆದರೂ ಬಳಗ ಆಗುವುದಿಲ್ಲ. ನಲವತ್ತು ವರ್ಷದ ಹಿಂದೆ ಅಪ್ಪ ಮತ್ತು ಅವರು ಅಫಜಲಪುರದಲ್ಲಿ ಮಾಸ್ತರರಾಗಿದ್ದರು. ಒಂದು ಹಳೆಯ ವಾಡೆಯ ಎಡಗಡೆ ಅವರು, ಬಲಗಡೆ ನಾವು. ಅಂಗಳ ಒಂದೇ, ಬೇವಿನ ಗಿಡ ಒಂದೇ, ಬೀಸುಕಲ್ಲು ಒಂದೇ. ನಾನು ಯಾರ ಮನೆಯಲ್ಲಿ ಉಂಡೆ ಅನ್ನುವುದು ಮಲಗುವ ಹೊತ್ತಿಗೆ ಇಬ್ಬರು ತಾಯಂದಿರಿಗೂ ಗೊತ್ತಿರುತ್ತಿರಲಿಲ್ಲ.

ಮೇ ತಿಂಗಳ ಬೆಳಗಿನ ಆರೂವರೆಗೇ ಆಳಂದದ ಗಾಳಿ ಕಾದಿತ್ತು. ಲಾಡ್ಲೆ ಮಶಾಕ ದರ್ಗಾದ ಕಡೆ ಹೂವಿನವರು ಆಗಲೇ ಕೂತಿದ್ದರು. ಊರು ದಾಟಿದ ಮೇಲೆ ಎರಡೂ ಬದಿಗೆ ಎರೆಭೂಮಿ. ಕಾಲು ಇಳಿಯುವಷ್ಟು ಬಿರುಕು. ತೊಗರಿ ರಾಶಿ ಮುಗಿದು ತಿಂಗಳುಗಳೇ ಆಗಿದ್ದವು, ಹೊಲದ ಬದುವಿನಲ್ಲಿ ತೊಗರಿಕಟ್ಟಿಗೆಯ ಬಣವಿ ಮಾತ್ರ ಉಳಿದಿತ್ತು. ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಬಂತು. ಡ್ರೈವರನಿಗೆ ಅದನ್ನು ಹೇಳಿದೆ. "ರೇಟ್ ಬಂತೇನ್ರಿ?" ಅಂದ.

ಪಡುವಣಕ್ಕೆ ಸ್ವಲ್ಪ ಹೋದರೆ ಮಹಾರಾಷ್ಟ್ರ. ಅವ್ವನ ತವರು ಅಕ್ಕಲಕೋಟ ತಾಲ್ಲೂಕಿನ ಹಳ್ಳಿ, ಮನೆಮಾತು ಕನ್ನಡ, ಸಿಟ್ಟು ಬಂದರೆ ಮರಾಠಿ. ಆ ತಾಲ್ಲೂಕನ್ನು ಕರ್ನಾಟಕಕ್ಕೆ ಕೊಡಬೇಕು ಅಂತ ಮಹಾಜನ ಆಯೋಗ 1967ರಲ್ಲಿ ಬರೆಯಿತು, ಕೊಟ್ಟವರಿಲ್ಲ. ಅವ್ವ ವರದಿ ಜಾರಿಯಾಗಲಿ ಅಂತ ಕಾಯದೆ ಲಗ್ನವಾಗಿ ತಾನೇ ಈಚೆ ಬಂದುಬಿಟ್ಟಳು.

ಅಫಜಲಪುರದಲ್ಲಿ ಇಳಿದಾಗ ಎಂಟೂವರೆ. ಗಾಣಗಾಪುರದ ದತ್ತನ ಪಾದುಕೆಗೆ ಹೊರಟ ಎಂ.ಎಚ್. ನಂಬರಿನ ಕಾರಿನವರು ನನ್ನನ್ನೇ ದಾರಿ ಕೇಳಿದರು. ಆ ಭಕ್ತರು ಪಾರಾಯಣ ಮಾಡುವ ಗುರುಚರಿತ್ರೆಯನ್ನು ಮರಾಠಿಯಲ್ಲಿ ಬರೆದ ಸರಸ್ವತಿ ಗಂಗಾಧರರ ಮಾತು ಕನ್ನಡ. ನಾನು ನನ್ನ ಮುರುಕು ಮರಾಠಿಯಲ್ಲಿ ದಾರಿ ಹೇಳಿದೆ. ಅವರು ಚೊಕ್ಕ ಕನ್ನಡದಲ್ಲಿ "ಥ್ಯಾಂಕ್ಸ್ ರೀ ಸರ್" ಅಂದು ಹೋದರು.

ಹೋಟೆಲಿನಲ್ಲಿ ಸುಸಲಾ, ಮಿರ್ಚಿ ಭಜಿ. ಪ್ಲೇಟು ಇಡುತ್ತಲೇ ಮಾಲೀಕ ಶುರು ಮಾಡಿದ.

"ಲಗ್ನಕ್ಕ ಹೊಂಟೀರೇನ್ರಿ?"

"ಹೌದ್ರಿ, ಜೇವರ್ಗಿಗಿ."

"ಏನಾಗ್ಬೇಕ್ರಿ ನಿಮಗ?"

ನಮ್ಮ ಕಡೆ ಈ ಪ್ರಶ್ನೆ ತಪ್ಪಿಸಿಕೊಂಡು ಲಗ್ನಕ್ಕೆ ಹೋದವರಿಲ್ಲ. ಬೀಗರೋ, ಅಣ್ತಮ್ಮರೋ, ಮಾವನ ಕಡೆಯೋ ಒಂದು ಹೇಳಬೇಕು. ಸ್ನೇಹಿತರು ಅಂದರೆ ಕೇಳಿದವನಿಗೆ ಸಮಾಧಾನವಿಲ್ಲ. ಏನೋ ಮುಚ್ಚಿಡುತ್ತಿದ್ದೀರಿ ಅನ್ನುವ ಹಾಗೆ ನೋಡುತ್ತಾನೆ. ನಾನು ಭಜಿ ಬಾಯಿಗೆ ಹಾಕಿಕೊಂಡೆ.

ಅವ್ವ ಇಲ್ಲಿಗೆ ಬಂದದ್ದು ಆಯಾರದ ಸೀರೆಗೆ, ಅದೂ ಒಂದೇ ಅಂಗಡಿಯಿಂದ. ಎರಡೂ ಮನೆಯವರು ಉದ್ರಿ ಬರೆಸುತ್ತಿದ್ದ ಅರಿವೆ ಅಂಗಡಿ ಅದು. ಗಲ್ಲೆಯ ಮೇಲೆ ಈಗ ಮಗ. ಉದ್ದನೆಯ ಕೆಂಪು ಖಾತೆ ಪುಸ್ತಕ ಇರುತ್ತಿದ್ದ ಜಾಗದಲ್ಲಿ ಫೋನಿನಿಂದ ಹಣ ಕಳಿಸುವ ಸ್ಕ್ಯಾನರಿನ ಹಲಗೆ. ಅವನಿಗೆ ಅವ್ವನ ಗುರುತು ಹತ್ತಲಿಲ್ಲ, ಅವ್ವನಿಗೂ ಅದರ ಚಿಂತೆ ಇರಲಿಲ್ಲ. ಇಳಕಲ್ ಸೀರೆ ಬಿಚ್ಚಿಸಿ, ಬಣ್ಣ ನೋಡದೆ, ನೇರ ಸೆರಗು ಒಡಲಿಗೆ ಕೂಡುವ ಗೆರೆಗೆ ಹೋದಳು. ಅಲ್ಲಿ ಸೆರಗಿನ ನೂಲನ್ನೂ ಒಡಲಿನ ನೂಲನ್ನೂ ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸಿರುತ್ತಾರೆ. ಸೀರೆಯನ್ನು ತಿರುವಿ ಹಾಕಿ ಆ ಗೆರೆಯ ಮೇಲೆ ಉಗುರು ಎಳೆದಳು, ಬೆಳಕಿಗೆ ಹಿಡಿದಳು, ಎರಡೂ ಕೈಯಿಂದ ಜಗ್ಗಿದಳು. ಮೂರು ಸೀರೆ ಆಚೆ ಹೋದವು. ನಾಲ್ಕನೆಯದು ಕೊಂಡಿ ಸೀರೆ. "ಇದು ನೋಡು" ಅಂದಳು. ನನಗೆ ನಾಲ್ಕೂ ಒಂದೇ ಥರ ಕಂಡವು.

ವಾಡೆಯ ಓಣಿಗೂ ಹೋದೆವು. ವಾಡೆ ಇಲ್ಲ, ಆರ್‌ಸಿಸಿ ಮನೆ ಎದ್ದಿದೆ. ಬೇವಿನ ಗಿಡ ಇದೆ, ಅದರ ಬುಡಕ್ಕೆ ಬೈಕು ನಿಲ್ಲಿಸುತ್ತಾರೆ. ಅವ್ವ ಗಾಡಿಯಿಂದ ಇಳಿಯಲಿಲ್ಲ.

ಮುಂದೆ ಘತ್ತರಗಿ. ಭಾಗ್ಯವಂತಿಯ ಗುಡಿಯ ಕಡೆ ಅವ್ವ ಕಿಡಕಿಯಿಂದಲೇ ಕೈ ಮುಗಿದು, "ಬರೂಮುಂದ ಇಳೀತೀನಿ ತಾಯಿ, ಹೊತ್ತಾಗ್ಯಾದ" ಅಂತ ವಾಯಿದೆ ಕೇಳಿದಳು. ಸೇತುವೆಯ ಕೆಳಗೆ ಭೀಮಾ ಅಲ್ಲೊಂದು ಇಲ್ಲೊಂದು ಮಡು, ನಡುವೆ ಬಂಡೆ, ಬಂಡೆಯ ಮೇಲೆ ಒಣಗಲು ಹಾಕಿದ ಕೌದಿ. 2020ರ ಅಕ್ಟೋಬರಿನಲ್ಲಿ ಹೊಳೆ ಈ ಸೇತುವೆಯನ್ನೇ ಮುಳುಗಿಸಿತ್ತು ಅಂದರೆ ಈಗ ನೋಡಿದವರು ನಂಬುವುದು ಕಷ್ಟ. ಆಚೆ ದಂಡೆಗೆ ಹೋಗಿ, ವಿಜಯಪುರದಿಂದ ಬರುವ ಹೆದ್ದಾರಿ ಹಿಡಿದೆವು.

ಬಸವಣ್ಣನವರ ಕಾಲಕ್ಕೆ ಮುಗಿಯಿತು ಅಂದುಕೊಂಡಿದ್ದ ವಚನವನ್ನು ಐದು ನೂರು ವರ್ಷದ ಮೇಲೆ ಮತ್ತೆ ಬರೆದ ಷಣ್ಮುಖ ಶಿವಯೋಗಿಗಳ ಊರು ಜೇವರ್ಗಿ. ತಡವಾಗಿ ಬಂದವರನ್ನು ಈ ಊರು ಮನ್ನಿಸಬೇಕು ಅಂತ ನನ್ನ ಆಸೆ. ಯಾಕೆಂದರೆ ನಾವು ಹಂದರದ ಒಳಗೆ ಕಾಲಿಡುವ ಹೊತ್ತಿಗೆ ಅಕ್ಕಿಕಾಳು ಬಿದ್ದು ಹೋಗಿದ್ದವು. ಬಾಜಾದವರು ಬೆವರು ಒರೆಸಿಕೊಳ್ಳುತ್ತಿದ್ದರು, ಜನ ಹುಗ್ಗಿಯ ಪಂಕ್ತಿಗೆ ಓಡುತ್ತಿದ್ದರು. ಡ್ರೈವರ್ ನನ್ನನ್ನು ನೋಡಿದ. ನಾನು ಅವ್ವನನ್ನು ನೋಡಿದೆ. ಅವ್ವ ಆಯಾರ ಬರೆಯುವವನ ಮುಂದೆ ನಿಂತಿದ್ದಳು.

"ಊರು ಯಾವದ್ರಿ ಅವ್ವಾ?"

"ಅಫಜಲಪುರ."

ನಾವು ಆಳಂದಕ್ಕೆ ಬಂದು ಮೂವತ್ತು ವರ್ಷವಾಯಿತು. ತಿದ್ದಲು ಬಾಯಿ ತೆರೆದೆ, ಅಷ್ಟರಲ್ಲಿ ಅವನು ಬರೆದುಬಿಟ್ಟಿದ್ದ.

"ಹೆಣ್ಣಿನವರಿಗಿ ಏನಾಗ್ಬೇಕ್ರಿ?"

"ಅಫಜಲಪುರ ಅಂತ ಬರದಿಯಲ್ಲಪಾ, ಅವರಿಗಿ ಗೊತ್ತಾಗ್ತದ."

ಪಟಗಾ ಸುತ್ತಿದ ಕಾಕಾ ಕೋಲು ಊರಿಕೊಂಡು ಬಂದರು. ಅಪ್ಪ ಹೋದ ಮೇಲೆ ಅವರು ಅವ್ವನನ್ನು ನೋಡುತ್ತಿದ್ದುದು ಇದೇ ಮೊದಲು. ಇಬ್ಬರಿಗೂ ಒಂದು ಗಳಿಗೆ ಮಾತು ಹೊರಡಲಿಲ್ಲ. ಆಮೇಲೆ ಕಾಕಾ ಗಡಿಯಾರ ತೋರಿಸಿ ಜಬರಿಸಿದರು.

"ಇದೇನ್ರಿ ವೈನಿ, ಊಟಕ್ಕ ಬಂದೀರೇನು? ಯಾವ ದಾರಿ ಹಿಡದ್ರಿ?"

"ಅಫಜಲಪುರದ ಮ್ಯಾಲಿಂದ. ಸೀರಿ ಅಲ್ಲಿಂದನೇ ತಂದೀನಿ."

ಕಾಕಾ ಸೀರೆಯನ್ನು ಮುಟ್ಟಿ ನೋಡಿದರು. ಸುತ್ತ ನೋಡಿ ದನಿ ತಗ್ಗಿಸಿದರು.

"ಅಂಗಡಿಯವರು ನನ್ನ ಬಾಕಿ ಏನರ ಕೇಳಿದ್ರೇನ್ರಿ?"

"ಕೇಳಿದ್ರು," ಅವ್ವ ಮುಖ ಸಡಿಲಿಸದೆ ಅಂದಳು. "ಬಡ್ಡಿ ಸೈತ ಹೇಳಿ ಕಳಿಸ್ಯಾರ."