ಜಪಾನೀ ಭಾಷೆಯ ಸ್ವಾಧ್ಯಾಯ

ವಿದ್ಯೆಯನ್ನು ನಾಲ್ಕು ಪಾಲುಮಾಡಿ, ಒಂದನ್ನು ಗುರುವಿಗೂ, ಒಂದನ್ನು ಸ್ವಬುದ್ಧಿಗೂ, ಒಂದನ್ನು ಸಹಪಾಠಿಗಳಿಗೂ, ಉಳಿದುದನ್ನು ಕಾಲಕ್ಕೂ ಹಂಚಿಕೊಟ್ಟ ಹಿರಿಯರ ಲೆಕ್ಕವನ್ನು ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದವರು ಬಲ್ಲರು. ಗುರುವೂ ಇಲ್ಲದೆ, ಸಹಪಾಠಿಯೂ ಇಲ್ಲದೆ, ಅಂಗೈಯಗಲದ ಮೊಬೈಲನ್ನು ಮುಂದಿಟ್ಟುಕೊಂಡು ದೂರದೇಶದ ಭಾಷೆಯನ್ನು ಕಲಿಯಹೊರಟವರಿಗೆ ಈ ಲೆಕ್ಕದಲ್ಲಿ ಅರ್ಧವೇ ದಕ್ಕುತ್ತದೆ. ಕಳೆದುಹೋದ ಅರ್ಧವನ್ನು ಅವರು ಎಲ್ಲಿಂದ ತುಂಬಿಕೊಳ್ಳಬೇಕು? ಶಿಡ್ಲಘಟ್ಟದ ಸಮೀಪದ ಹಳ್ಳಿಯೊಂದರಲ್ಲಿ ರೇಷ್ಮೆಹುಳು ಸಾಕುವ ಮನೆಯ ಹೆಣ್ಣುಮಗಳೊಬ್ಬಳು ಎರಡು ವರ್ಷಗಳಿಂದ ಈ ಪ್ರಶ್ನೆಯೊಡನೆ ಸೆಣಸುತ್ತಿದ್ದಾಳೆ.

ಆಕೆ ಚಿಕ್ಕಬಳ್ಳಾಪುರದಲ್ಲಿ ವಾಣಿಜ್ಯಶಾಸ್ತ್ರ ಓದಿದವಳು. ಜಪಾನೀಯರ ಕಾರ್ಖಾನೆಗಳು ಬಿಡದಿಯಲ್ಲಿಯೂ ನರಸಾಪುರದಲ್ಲಿಯೂ ನಡೆಯುತ್ತಿರುವುದರಿಂದ ಆ ಭಾಷೆ ಬಲ್ಲವರಿಗೆ ಉದ್ಯೋಗ ದೊರೆಯುವುದೆಂಬ ಮಾತು ಅವಳ ಕಿವಿಗೆ ಬಿದ್ದಿತ್ತು. ಪಾಠ ಹೇಳುವ ಸಂಸ್ಥೆಗಳಿರುವುದು ಬೆಂಗಳೂರಿನಲ್ಲಿ. ಹುಳುವಿರುವ ಮನೆಯನ್ನು ಬಿಟ್ಟು ದಿನವೂ ಹೋಗಿಬರುವುದು ಆಗದ ಮಾತು. ಆದುದರಿಂದ ರಾತ್ರಿ ಕಡೆಯ ಸೊಪ್ಪು ಹಾಕಿದ ಮೇಲೆ ಮೊಬೈಲನ್ನು ಹಿಡಿದು ಕುಳಿತಳು.

ಜಪಾನು ಈ ಸೀಮೆಗೆ ಹೊಸ ಹೆಸರೇನೂ ಅಲ್ಲ. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1898ರಷ್ಟು ಹಿಂದೆಯೇ ಆ ದೇಶವನ್ನು ಕಂಡುಬಂದಿದ್ದರು. ಅದೇ ದಶಕದ ಕೊನೆಯಲ್ಲಿ ಜಮ್‌ಶೆಟ್‌ಜಿ ಟಾಟಾ ಅವರು ಜಪಾನೀಯರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆಯ ತೋಟವೊಂದನ್ನು ನಡೆಸಿದರು. ಟಾಟಾ ಸಿಲ್ಕ್ ಫಾರಂ ಎಂಬ ಬಡಾವಣೆಯ ಹೆಸರಿನಲ್ಲಿ ಅದರ ನೆನಪುಳಿದಿದೆ. 1991ರಿಂದೀಚೆಗೆ ಜಪಾನಿನ ತಜ್ಞರು ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯವರೊಡನೆ ದುಡಿದು ದ್ವಿತಳಿ ಹುಳುವಿನ ಸಾಕಣೆಯನ್ನು ಕನ್ನಡ ನಾಡಿನ ರೈತರಿಗೆ ಹತ್ತಿರ ತಂದರು. ಹೀಗೆ ಆ ದೇಶದ ವಿದ್ಯೆ ಹುಳುಮನೆಯವರೆಗೂ ಬಂದಿತು. ಭಾಷೆ ಮಾತ್ರ ಹೊಸ್ತಿಲು ದಾಟಿರಲಿಲ್ಲ.

ಮೊದಲ ತಿಂಗಳು ಹರ್ಷದಲ್ಲಿಯೇ ಕಳೆಯಿತು. ಅದಕ್ಕೆ ಕಾರಣವೂ ಉಂಟು. ಜಪಾನೀಯರ ಅಕ್ಷರಮಾಲೆ ಅ, ಇ, ಉ, ಎ, ಒ ಎಂದು ಮೊದಲಾಗಿ, ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ಈ ಕ್ರಮ ಆಕಸ್ಮಿಕವಲ್ಲ. ಬೌದ್ಧ ಭಿಕ್ಷುಗಳು ಮಂತ್ರಪಾಠಕ್ಕಾಗಿ ಸಂಸ್ಕೃತವರ್ಣಮಾಲೆಯನ್ನು ಅಭ್ಯಾಸಮಾಡಿದುದರ ಫಲ. ಪವರ್ಗವಿರಬೇಕಾದೆಡೆಯಲ್ಲಿ ಹಕಾರ ಏಕೆ ಕುಳಿತಿದೆಯೆಂದು ಕೇಳಿದರೆ ಉತ್ತರ ಮತ್ತೂ ಸೊಗಸಾದುದು. ಅಲ್ಲಿಯೂ ಪಕಾರವೇ ಕಾಲಕ್ರಮದಲ್ಲಿ ಹಕಾರವಾಯಿತು. ಹಳಗನ್ನಡದ ಪಾಲು ಹಾಲಾದಂತೆ, ಪೂ ಹೂವಾದಂತೆ, ಅವರ ಹೂವಿನ ಹೆಸರಾದ ‘ಹನ’ ಎಂಬುದೂ ಪೂರ್ವದಲ್ಲಿ ‘ಪನ’ವಾಗಿತ್ತು!

ವಾಕ್ಯರಚನೆಯೂ ಅವಳಿಗೆ ಪರಕೀಯವಾಗಿ ಕಾಣಲಿಲ್ಲ. ಕ್ರಿಯಾಪದ ಕಡೆಗೆ ಬರುತ್ತದೆ. ವಿಭಕ್ತಿಯ ಕೆಲಸವನ್ನು ನಾಮಪದದ ಹಿಂದೆ ಬರುವ ಪ್ರತ್ಯಯಗಳೇ ಮಾಡುತ್ತವೆ. ‘ತಬೆತೆ ಮಿರು’ ಎಂದರೆ ಅಕ್ಷರಶಃ ‘ತಿಂದು ನೋಡು’ವುದು, ಕಣ್ಣಿಂದ ನೋಡುವುದಲ್ಲ, ಕನ್ನಡದಲ್ಲಿ ನಾಲಗೆಯಿಂದ ನೋಡುವ ಹಾಗೆಯೇ. ಇಂಗ್ಲಿಷಿನ ಮೂಲಕ ಈ ಪಾಠವನ್ನು ಓದುತ್ತಿದ್ದವಳು ಒಂದು ರಾತ್ರಿ ಇಂಗ್ಲಿಷನ್ನು ಬದಿಗಿಟ್ಟು, ಜಪಾನೀ ವಾಕ್ಯದ ಕೆಳಗೆ ಕನ್ನಡವನ್ನೇ ಬರೆಯತೊಡಗಿದಳು. ಅನೇಕ ಕಡೆ ಪದದ ಕೆಳಗೆ ಪದ ಸರಿಯಾಗಿ ಕುಳಿತುಕೊಂಡಿತು.

ಇದಾದ ಮೇಲೆ ಬಂದುದು ಕಂಜಿ, ಎಂದರೆ ಚೀನೀ ಮೂಲದ ಚಿತ್ರಾಕ್ಷರಗಳು. ನಿತ್ಯವ್ಯವಹಾರಕ್ಕೆಂದು ಜಪಾನಿನ ಸರಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿಯೇ 2,136 ಇವೆ. ನಾಲ್ಕನೆಯ ತಿಂಗಳಿಗೆ ಉತ್ಸಾಹ ಬತ್ತಿತು. ಅದರ ಮೇಲೆ ಇನ್ನೊಂದು ಪೆಟ್ಟು. ಮೊಬೈಲು ದಿನವೂ ಹಾಜರಿ ಹಾಕುತ್ತಿತ್ತು. ಎಡೆಬಿಡದೆ ಓದಿದ ದಿನಗಳ ಎಣಿಕೆ 112ಕ್ಕೆ ಏರಿತ್ತು. ಅಷ್ಟರಲ್ಲಿ ಹುಳು ನಾಲ್ಕನೆಯ ಜ್ವರದಿಂದೆದ್ದಿತು. ತನ್ನ ಜನ್ಮದ ಒಟ್ಟು ಆಹಾರದಲ್ಲಿ ನೂರಕ್ಕೆ 80ಕ್ಕೂ ಮಿಕ್ಕ ಪಾಲನ್ನು ಹುಳು ತಿನ್ನುವುದು ಆ ಕಡೆಯ ವಾರದಲ್ಲಿ. ಮನೆಮಂದಿಗೆಲ್ಲ ಹಗಲಿರುಳೂ ಸೊಪ್ಪಿನ ಕೆಲಸವೇ. ಎರಡು ದಿನ ಓದು ತಪ್ಪಿತು. ಮೂರನೆಯ ದಿನ ತೆರೆದರೆ ಎಣಿಕೆ ಸೊನ್ನೆಯಾಗಿದ್ದಿತು. ಕಲಿತದ್ದು ಒಂದಕ್ಷರವೂ ಕಳೆದಿರಲಿಲ್ಲ. ಆದರೂ ಎಲ್ಲವೂ ಕಳೆದುಹೋದಂತೆನಿಸಿ ಆಕೆ ಅದನ್ನು ಮುಚ್ಚಿಟ್ಟಳು.

ಪಾಠಶಾಲೆಗಳ ವಿವೇಕ ಇಲ್ಲಿ ನೆನಪಾಗದಿರದು. ಪ್ರತಿಪತ್ತು, ಅಷ್ಟಮಿ ಮೊದಲಾದ ತಿಥಿಗಳನ್ನು ಅನಧ್ಯಯನವೆಂದು ಬಿಟ್ಟುಕೊಟ್ಟವರು ಸೋಮಾರಿಗಳಾಗಿರಲಿಲ್ಲ. ಬಿಡುವೂ ಪಾಠದ ಒಂದು ಅಂಗವಾಗಿದ್ದುದರಿಂದ ಬಿಟ್ಟ ಮಾತ್ರಕ್ಕೆ ಶಿಷ್ಯನಿಗೆ ತಾನು ಕೆಟ್ಟೆನೆಂಬ ಭಾವನೆ ಬರುತ್ತಿರಲಿಲ್ಲ; ಬಿದಿಗೆಯ ಬೆಳಗ್ಗೆ ಅವನು ಯಾವ ನಾಚಿಕೆಯೂ ಇಲ್ಲದೆ ಬಂದು ಕುಳಿತುಕೊಳ್ಳುತ್ತಿದ್ದನು. ಯಂತ್ರಕ್ಕೆ ಅನಧ್ಯಯನ ತಿಳಿಯದು.

ಓದಿಲ್ಲದ ತಾಯಿಗೆ ತಿಳಿದಿತ್ತು. ಮಗಳು ಪುಸ್ತಕ ಮುಟ್ಟದಿರುವುದನ್ನು ಕಂಡು ಒಂದೆರಡು ವಾರ ಸುಮ್ಮನಿದ್ದಳು. ತಂದೆ, “ಸಾಕಾಯ್ತೇನಮ್ಮಾ ನಿನ್ನ ಜಪಾನು?” ಎಂದು ನಗೆಯಾಡಿದಾಗ ಆಕೆಯೇ ಅಡ್ಡಬಂದು, “ಜ್ವರಕ್ಕೆ ಕೂತ ಹುಳಕ್ಕೆ ಯಾರಾದರೂ ಸೊಪ್ಪು ಹಾಕುತ್ತಾರಾ? ತಾನಾಗಿ ಏಳುತ್ತೆ, ಬಿಡಿ” ಎಂದಳು.

ಎದ್ದದ್ದು ಒಂದು ಅಕ್ಷರದ ನೆಪದಿಂದ. ಕಂಜಿಯ ಕೋಶದಲ್ಲಿ ಏನನ್ನೋ ಹುಡುಕುತ್ತಿದ್ದಾಗ ‘ಕೈಕೊ’ ಎಂಬ ಶಬ್ದ ಕಣ್ಣಿಗೆ ಬಿದ್ದಿತು. ರೇಷ್ಮೆಹುಳುವಿನ ಹೆಸರು, ಸಾಕಿದ ಹುಳು ಎಂದು ಅರ್ಥ. ಅದನ್ನು ಬರೆಯುವ ಅಕ್ಷರದಲ್ಲಿ ಮೇಲೆ ಆಕಾಶದ ಚಿಹ್ನೆ, ಕೆಳಗೆ ಹುಳುವಿನ ಚಿಹ್ನೆ: ಸ್ವರ್ಗದ ಹುಳು! ಗೂಡಿಗೆ ‘ಮಯು’ ಎನ್ನುತ್ತಾರೆ. ಆ ಅಕ್ಷರದೊಳಗೆ ಒಂದೆಡೆ ನೂಲು, ಒಂದೆಡೆ ಹುಳು, ಮೇಲೆ ಹುಲ್ಲಿನ ಗುರುತು, ಗೂಡಿನಂತೆಯೇ ಸುತ್ತಿಕೊಂಡಿವೆ. ಹಿಪ್ಪುನೇರಳೆಯಾದ ‘ಕುವ’ ಮರದ ಚಿಹ್ನೆಯ ಮೇಲೆ ಮೂರು ಕೈಗಳಂತಹ ಗುರುತುಗಳನ್ನು ಹೊತ್ತಿದೆ. ಅಂದಿನವರೆಗೆ ಗೀರುಗಳ ರಾಶಿಯಾಗಿದ್ದುದು ಅವಳಿಗೆ ತನ್ನ ಮನೆಯ ಪಡಸಾಲೆಯಾಗಿ ಕಂಡಿತು. ಮರುದಿನ ಹುಳುಮನೆಯ ಗೋಡೆಯ ಮೇಲೆ ಸುಣ್ಣದಕಡ್ಡಿಯಿಂದ ಈ ಮೂರನ್ನೂ ದೊಡ್ಡದಾಗಿ ಬರೆದಳು.

ಜಪಾನೀ ಭಾಷಾ ಸಾಮರ್ಥ್ಯದ ಪರೀಕ್ಷೆ 1984ರಲ್ಲಿ ಆರಂಭವಾದುದು. ಈಗ ಐದು ಮೆಟ್ಟಿಲುಗಳಿವೆ. ಕೆಳಗಿನ ಮೆಟ್ಟಿಲಾದ ಎನ್ 5ಕ್ಕೆ ಆಕೆ ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋಗಿ ಕುಳಿತಳು. 180 ಅಂಕಗಳಲ್ಲಿ 80 ಬಂದರೆ ತೇರ್ಗಡೆ. ಅವಳಿಗೆ ನೂರಕ್ಕೆ ಮೇಲೆ ಬಂದಿದ್ದರೂ ಫಲಿತಾಂಶ ಅನುತ್ತೀರ್ಣವೆಂದೇ ಇತ್ತು. ಕಿವಿಯಿಂದ ಕೇಳಿ ಉತ್ತರಿಸುವ ಭಾಗದ 60ರಲ್ಲಿ ಕಡೆಯಪಕ್ಷ 19 ಬರಲೇಬೇಕು; ಅವಳಿಗೆ ಬಂದದ್ದು 17.

ಕಾರಣ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಮುಂಜಾನೆ ನಾಲ್ಕಕ್ಕೇ ಏಳುವ ಮನೆಯವರ ನಿದ್ರೆ ಕೆಡಬಾರದೆಂದು ಅವಳು ಒಂದು ವರ್ಷವೂ ಶಬ್ದವನ್ನಡಗಿಸಿ ಕಣ್ಣಿನಿಂದಲೇ ಓದಿದ್ದಳು. ಭಾಷೆಯನ್ನು ಮೌನವಾಗಿ ಕಲಿತಿದ್ದಳು. ವೇದವನ್ನೂ ಅಮರವನ್ನೂ ಬಾಯಿಂದ ಬಾಯಿಗೆ ದಾಟಿಸಿದ ನಾಡಿನಲ್ಲಿ ಇಂತಹ ಸೋಲಿಗೆ ಬೆರಗಾಗುವುದು ಹೇಗೆ? ಅವಳು ಒಂದು ದಿನ ಅತ್ತಳು. ಎರಡನೆಯ ದಿನ ಓದಿನ ವೇಳೆಯನ್ನು ರಾತ್ರಿಯಿಂದ ಕಿತ್ತು, ಬೆಳಗಿನ ಸೊಪ್ಪು ಕತ್ತರಿಸುವ ಹೊತ್ತಿಗೆ ನೆಟ್ಟಳು. ಕತ್ತಿ ಆಡುತ್ತಿರುವಾಗ ಮೊಬೈಲು ಗಟ್ಟಿಯಾಗಿ ಮಾತಾಡುತ್ತದೆ. ಅವಳು ಅದಕ್ಕಿಂತ ಗಟ್ಟಿಯಾಗಿ ಮರುನುಡಿಯುತ್ತಾಳೆ. ತಾಯಿಗೂ ಈಗ ಅದೊಂದು ವಿನೋದ.

“ಸೊಪ್ಪಿಗೆ ಏನಂತಾರೆ?”

“ಕುವ ನೊ ಹ.”

“ನೆನ್ನೆ ಬೇರೆ ಏನೋ ಅಂದೆ.”

“ನೆನ್ನೆ ಗೂಡು ಕೇಳಿದ್ದಿರಮ್ಮಾ. ಅದು ಮಯು.”

ಮೊಬೈಲು ತಪ್ಪನ್ನು ತೋರಿಸುತ್ತಿತ್ತು. ಆದರೆ ನೆನ್ನೆ ಹೇಳಿದುದನ್ನು ನೆನಪಿಟ್ಟುಕೊಂಡು ಇಂದು ತಗಾದೆ ಮಾಡುವವರು ಅವಳಿಗೆ ಇದುವರೆಗೆ ದೊರಕಿರಲಿಲ್ಲ.

ಪರೀಕ್ಷೆ ಮತ್ತೆ ಡಿಸೆಂಬರಿನ ಮೊದಲ ಭಾನುವಾರ ಬರುತ್ತದೆ. ಚಾಕಿ ಹುಳುವನ್ನು ತರುವ ದಿನ ಗೊತ್ತುಮಾಡಲು ತಂದೆ ಪಂಚಾಂಗ ತೆಗೆದಾಗ ತಾಯಿ ಬೆರಳೆಣಿಸಿ ನೋಡಿ, ಹುಳು ನಾಲ್ಕನೆಯ ಜ್ವರದಿಂದೇಳುವುದು ಆ ಭಾನುವಾರದ ಹತ್ತಿರವೇ ಬೀಳುವುದನ್ನು ಕಂಡಳು. ಚಾಕಿಯನ್ನು ಹತ್ತು ದಿನ ಮುಂದಕ್ಕೆ ಹಾಕಬೇಕೆಂದು ಹೇಳಿದಳು. ಆ ವೇಳೆಗೆ ಗೂಡಿನ ಧಾರಣೆ ಇಳಿದೀತೆಂದು ತಂದೆ ಗೊಣಗಿದನು. ಇಳಿದರೆ ಇಳಿಯಲಿ ಎಂದು ಆಕೆ ಸೊಪ್ಪಿನ ಕುಕ್ಕೆಯನ್ನೆತ್ತಿಕೊಂಡು ತೋಟಕ್ಕೆ ನಡೆದಳು.