ಕೆರೆಯ ದಡದಲ್ಲಿ ಎಣ್ಣೆಯ ಡಬ್ಬ

ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಸೀಮೆ ಕಡಲಿಗೆ ದೂರವಾದರೂ ನೀರಿಗೆ ದೂರವಲ್ಲ. ತುಮಕೂರಿನ ಆಮಾನಿಕೆರೆಯನ್ನು ದಾಟಿ ಹೊರಟ ಪ್ರವಾಸಿಗೆ ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ಎದುರಾಗುತ್ತದೆ. ಜನಪದ ಗೀತದಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ಲಿನ ದೊಡ್ಡಕೆರೆ, ಅದರಾಚೆ ಶಿಂಷೆಗೆ ಅಡ್ಡಲಾಗಿ ನಿಂತ ಮಾರ್ಕೋನಹಳ್ಳಿಯ ಅಣೆಕಟ್ಟು, ಹೀಗೆ ಏರಿಯ ಹಿಂದೆ ಏರಿ. ಈ ನೀರುಗಳ ಹಳೆಯ ವಾಹನ ಹರಿಗೋಲು. ಬಿದಿರಿನ ಆ ಬುಟ್ಟಿಗೆ ಬೇಕಾದುದು ಒಂದು ಹುಟ್ಟು ಮತ್ತು ಬೆಸ್ತನ ತೋಳು. ಎಣ್ಣೆಯ ಹಂಗು ಅದಕ್ಕಿಲ್ಲ.

ಯಂತ್ರದ ದೋಣಿ ಇಲ್ಲಿಗೆ ಹೊಸ ನೆಂಟ. 2022ರ ಮಳೆಗಾಲದಲ್ಲಿ ಜಿಲ್ಲೆಯ ಹಲವು ಕೆರೆಗಳು ಕೋಡಿ ಬಿದ್ದವು. ಅಂತಹ ದಿನಗಳಲ್ಲಿ ನೀರಿಗೆ ಸಿಕ್ಕವರನ್ನು ಕರೆತರಲು ಹುಟ್ಟಿನ ವೇಗ ಸಾಲದು. ಆದರೆ ನೆಂಟನ ಉಪಚಾರವನ್ನು ಈ ಸೀಮೆ ಇನ್ನೂ ಕಲಿಯಬೇಕಾಗಿದೆ.

ತೆಂಗಿನ ತೋಟಗಳ ನಾಡಿನಲ್ಲಿ ಪಂಪಿಗೆ ಡಬ್ಬದಿಂದ ಡೀಸೆಲ್ ಸುರಿದು ಅಭ್ಯಾಸವಾದ ಕೈಗಳಿವೆ. ಕಿವಿಯ ಮೇಲೆ ಬೀಡಿ, ಕೈಯಲ್ಲಿ ಲಾಳಿಕೆ! ಡೀಸೆಲ್ ಇದನ್ನು ಬಹುಮಟ್ಟಿಗೆ ಕ್ಷಮಿಸುತ್ತದೆ. 50 ಡಿಗ್ರಿಗೂ ಮೇಲೆ ಕಾಯದೆ ಅದು ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡದು. ದೋಣಿಯ ಹಿಂಬದಿಗೆ ತಗುಲಿಸುವ ಸಣ್ಣ ಯಂತ್ರಗಳು ಸಾಮಾನ್ಯವಾಗಿ ಬೇಡುವುದು ಪೆಟ್ರೋಲನ್ನು. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಅದರ ಆವಿ ಕಿಡಿಗೆ ಕಾದಿರುತ್ತದೆ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಬಯಲಿನಲ್ಲಿ ಚೆಲ್ಲಿದರೆ ಗಾಳಿ ಅದನ್ನು ಹರಡಿ ಒಯ್ದೀತು. ದೋಣಿಯೋ ಒಂದು ಬೋಗುಣಿ. ಮಳೆಯ ನೀರು ಕೆರೆಯ ತಗ್ಗನ್ನು ಹುಡುಕುವಂತೆ ಆವಿ ದೋಣಿಯ ತಳಕ್ಕೆ ಇಳಿದು ಕಾಣದೆ ಕುಳಿತಿರುತ್ತದೆ. ಯಂತ್ರವನ್ನು ಚಾಲೂ ಮಾಡುವ ಒಂದು ಕಿಡಿ ಸಾಕು. ಆಗ ಕುಳಿತವರಿಗೆ ಒಂದು ಕಡೆ ಬೆಂಕಿ, ಮತ್ತೊಂದು ಕಡೆ ಈಜು ಬಾರದ ಆಳ.

ಆದ್ದರಿಂದ ಬಲ್ಲ ಅಂಬಿಗನು ದೋಣಿಯನ್ನು ಕಟ್ಟೆಗೆ ಬಿಗಿದು, ಯಂತ್ರವನ್ನು ನಿಲ್ಲಿಸಿ, ಮೊದಲು ಜನರನ್ನು ದಡಕ್ಕೆ ಇಳಿಸುತ್ತಾನೆ; ಮಕ್ಕಳು ಎಷ್ಟು ಗೊಣಗಿದರೂ ಸರಿಯೆ. ಬಿಚ್ಚಿ ತೆಗೆಯಬಹುದಾದ ಟ್ಯಾಂಕನ್ನು ದೋಣಿಯೊಳಗೆ ತುಂಬುವುದೇ ಇಲ್ಲ. ಅದನ್ನು ನೀರಿನಿಂದ ದೂರಕ್ಕೆ ಒಯ್ದು ನೆಲದ ಮೇಲಿಟ್ಟು, ಸುರಿಯುವ ಮೂತಿ ಟ್ಯಾಂಕಿನ ಅಂಚಿಗೆ ತಗುಲಿರುವಂತೆ ಹಿಡಿದು, ನಿಧಾನವಾಗಿ ತುಂಬುತ್ತಾನೆ. ಹರಿಯುವ ಪೆಟ್ರೋಲಿನಿಂದ ಹುಟ್ಟುವ ವಿದ್ಯುತ್ತು ಕಿಡಿಯಾಗಿ ಹಾರದಿರಲೆಂದು ಈ ಜಾಗ್ರತೆ. ಕಂಠಪೂರ್ತಿ ತುಂಬುವುದೂ ಇಲ್ಲ. ಬಿಸಿಲಿಗೆ ಪೆಟ್ರೋಲು ಹಿಗ್ಗುತ್ತದೆ. ಮುಚ್ಚಳ ಬಿಗಿದು, ಒರೆಸಿದ ಬಟ್ಟೆಯನ್ನು ದಡದಲ್ಲಿಯೇ ಬಿಟ್ಟು, ದೋಣಿಯ ತಳಕ್ಕೆ ಬಗ್ಗಿ ಮೂಸುತ್ತಾನೆ. ವಾಸನೆ ಇದ್ದರೆ ಅದು ಹೋಗುವವರೆಗೆ ಕಾಯುವುದೊಂದೇ ದಾರಿ. ಬೆಂಕಿಗೆಂದು ಬಳಿಯಲ್ಲಿ ಒಣಪುಡಿಯ ಸಿಲಿಂಡರು, ಮರಳು ಇರಬೇಕು. ಉರಿಯುವ ಪೆಟ್ರೋಲಿಗೆ ಕೆರೆಯ ನೀರನ್ನೆರಚಿದರೆ ಅದು ನೀರಿನ ಮೇಲೆ ತೇಲಿಕೊಂಡೇ ಉರಿಯುತ್ತದೆ.

ಚೆಲ್ಲಿದ ಎಣ್ಣೆಯ ಕಥೆ ಬೆಂಕಿಯೊಡನೆ ಮುಗಿಯುವುದಿಲ್ಲ. ಕಾಮನಬಿಲ್ಲಿನ ಬಣ್ಣದ ತೆಳುಪೊರೆಯಾಗಿ ಅದು ಗಾಳಿ ಬೀಸಿದ ಕಡೆಗೆ, ಏರಿಯ ಮೂಲೆಗೆ, ದನಗಳು ನೀರು ಕುಡಿಯುವ ತಾವಿಗೆ ಸರಿಯುತ್ತದೆ. ತುಮಕೂರಿಗೆ ಕುಡಿಯುವ ನೀರನ್ನೊದಗಿಸುವ ಬುಗುಡನಹಳ್ಳಿಯ ಕೆರೆ ತುಂಬುವುದು ದೂರದ ಹೇಮಾವತಿಯಿಂದ. ಅಷ್ಟು ದೂರದಿಂದ ನೀರು ತರಿಸಿಕೊಳ್ಳುವ ನಾಡಿಗೆ ಒಂದು ಲೋಟ ಪೆಟ್ರೋಲೂ ಅಲ್ಪವಲ್ಲ.

ಎಷ್ಟು ತುಂಬಬೇಕೆಂಬ ಲೆಕ್ಕವೂ ದಡದಲ್ಲಿಯೇ ಆಗಬೇಕು: ಹೋಗಲು ಒಂದು ಪಾಲು, ಬರಲು ಒಂದು ಪಾಲು, ಕಾಪಿಗೆ ಒಂದು ಪಾಲು. ಮಾರ್ಕೋನಹಳ್ಳಿಯಲ್ಲಿ ನೀರು ಗುರುತು ಮುಟ್ಟಿದೊಡನೆ ಸೈಫನ್ನುಗಳು ಯಾರ ಅಪ್ಪಣೆಗೂ ಕಾಯದೆ ತಾವಾಗಿಯೇ ಹರಿಯತೊಡಗುತ್ತವೆ. ಎಣ್ಣೆ ಮುಗಿದು ಯಂತ್ರ ನಿಂತ ದೋಣಿ ಅಂತಹ ಕಡೆಗೆ ತೇಲಿಹೋಗಬಾರದಷ್ಟೆ. ಅದಕ್ಕೆಂದೇ ಹಿರಿಯ ಅಂಬಿಗರು ಯಂತ್ರದ ದೋಣಿಯಲ್ಲಿಯೂ ಒಂದು ಜೊತೆ ಹುಟ್ಟನ್ನು ಇಟ್ಟುಕೊಂಡೇ ಹೊರಡುತ್ತಾರೆ.